ಕ್ಲಿನಿಕ್‌ನ ಫೋನ್ ಎತ್ತುವವರು ತಿಳಿದಿರಬೇಕಾದದ್ದು

ಬದಿಯಡ್ಕ, ಕುಂಬಳೆ, ಪೆರ್ಲ, ಮುಳ್ಳೇರಿಯ, ಉಪ್ಪಳ ಮುಂತಾದ ಪೇಟೆಗಳ ಕ್ಲಿನಿಕ್‌ಗಳಲ್ಲಿ ಫೋನಿಗೆಂದೇ ಪ್ರತ್ಯೇಕ ಸಿಬ್ಬಂದಿ ಇರುವುದು ಅಪರೂಪ. ಟೋಕನ್ ಬರೆಯುವವರು, ಹಣ ಪಡೆಯುವವರು, ಕೆಲವೆಡೆ ಇಂಜೆಕ್ಷನ್ ಕೊಡುವ ಸಿಸ್ಟರ್, ಹೀಗೆ ಆ ಹೊತ್ತಿಗೆ ಕೈ ಬಿಡುವಾದವರು ಫೋನ್ ಎತ್ತುತ್ತಾರೆ. ಎಲ್ಲರೂ ಮಾಡುವ ಕೆಲಸವಾದ್ದರಿಂದ ಇದನ್ನು ಯಾರಿಗೂ ಯಾರೂ ಕ್ರಮವಾಗಿ ಕಲಿಸುವುದಿಲ್ಲ. ಒಬ್ಬಿಬ್ಬರು ವೈದ್ಯರಿರುವ, ವಾರಕ್ಕೊಮ್ಮೆ ಮಂಗಳೂರಿನಿಂದ ತಜ್ಞರು ಬಂದುಹೋಗುವ ಕಾಸರಗೋಡು ಜಿಲ್ಲೆಯ ಕ್ಲಿನಿಕ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದೆ. ಇದರ ಮೂಲ ನಿಯಮ ಇಷ್ಟೇ: ಫೋನ್ ಎತ್ತಿದವರು ರೋಗದ ವಿಷಯದಲ್ಲಿ ತಾವಾಗಿ ಯಾವ ತೀರ್ಮಾನವನ್ನೂ ಹೇಳಬಾರದು, ಆಚೆಯವರು ಹೇಳಿದ್ದು ವೈದ್ಯರಿಗೆ ಮುಟ್ಟದೆ ಹೋಗಲೂ ಬಾರದು.

ಮೊದಲ ಒಂದು ನಿಮಿಷ

ಮೂರನೆಯ ರಿಂಗಿನೊಳಗೆ ಫೋನ್ ಎತ್ತಬೇಕೆಂದು ಎಲ್ಲ ಕಡೆ ಹೇಳುತ್ತಾರೆ. ಎದುರಿಗೆ ಹತ್ತು ಮಂದಿ ಟೋಕನ್‌ಗೆ ನಿಂತಿರುವಾಗ ಅದು ಯಾವಾಗಲೂ ಸಾಧ್ಯವಾಗುವುದಿಲ್ಲ, ಆದರೂ ಎದುರಿಗಿರುವವರಿಗೆ "ಒಂದು ನಿಮಿಷ, ಈ ಫೋನ್ ನೋಡಿಬಿಡುತ್ತೇನೆ" ಎಂದು ಹೇಳಿ ಎತ್ತಿದರೆ ಯಾರೂ ಬೇಸರಿಸುವುದಿಲ್ಲ. ಬರಿಯ "ಹಲೋ" ಎಂದು ಸುಮ್ಮನಾಗಬಾರದು. "ನಮಸ್ಕಾರ" ಎಂದು, ಕ್ಲಿನಿಕ್‌ನ ಹೆಸರು, ಊರು ಮತ್ತು ತಮ್ಮ ಹೆಸರನ್ನು ಹೇಳಿ, "ಹೇಳಿ, ಏನಾಗಬೇಕಿತ್ತು?" ಎಂದು ಕೇಳಬೇಕು. ಊರಿನ ಹೆಸರು ಹೇಳುವುದು ಅನಗತ್ಯ ಎನಿಸಬಹುದು. ಒಂದೇ ಹೆಸರಿನ ಕ್ಲಿನಿಕ್ ಎರಡು ಪೇಟೆಗಳಲ್ಲಿರುವಾಗ, ಅಥವಾ ಒಬ್ಬರೇ ವೈದ್ಯರು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಕುಳಿತುಕೊಳ್ಳುವಾಗ, ರೋಗಿ ತಪ್ಪು ಊರಿನ ಬಸ್ಸು ಹತ್ತುವುದನ್ನು ತಪ್ಪಿಸುವುದು ಅದೇ.

ಅಭಿವಾದನ ಕನ್ನಡದಲ್ಲಿರಲಿ, ಮುಂದಿನ ಮಾತು ಕರೆ ಮಾಡಿದವರ ಭಾಷೆಯಲ್ಲಿ ನಡೆಯಲಿ. ಈ ಜಿಲ್ಲೆಯಲ್ಲಿ ಒಂದೇ ದಿನ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತನಾಡುವವರು ಕರೆ ಮಾಡುತ್ತಾರೆ. ಎಲ್ಲ ಭಾಷೆಗಳೂ ಎಲ್ಲರಿಗೂ ಬರಬೇಕೆಂದಿಲ್ಲ. ತಮಗೆ ಬಾರದ ಭಾಷೆಯಾದರೆ ಊಹಿಸಿ ಹೂಂಗುಟ್ಟುವ ಬದಲು "ನನಗೆ ಸರಿಯಾಗಿ ತಿಳಿಯಲಿಲ್ಲ, ತಿಳಿಯುವವರಿಗೆ ಕೊಡುತ್ತೇನೆ" ಎಂದು ಫೋನ್ ದಾಟಿಸಬೇಕು. ಎದೆನೋವು, ಉಸಿರಾಟದ ತೊಂದರೆ, ತಲೆ ತಿರುಗುವುದು, ಅಪಸ್ಮಾರ, ರಕ್ತಸ್ರಾವ ಇಷ್ಟಕ್ಕೆ ಊರಿನ ಪ್ರತಿ ಭಾಷೆಯಲ್ಲೂ ಜನ ಏನು ಹೇಳುತ್ತಾರೆಂಬುದನ್ನು ಕನ್ನಡ ಲಿಪಿಯಲ್ಲಿ ಒಂದು ಹಾಳೆಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿಟ್ಟರೆ, ಹೊಸದಾಗಿ ಸೇರಿದ ಹುಡುಗಿಗೂ ಗಾಬರಿಯಾಗುವುದಿಲ್ಲ. ದಿನ ಹೇಳುವಾಗ ನಾಳೆ, ನಾಡಿದ್ದು ಎನ್ನದೆ ವಾರವನ್ನೂ ತಾರೀಕನ್ನೂ ಹೇಳಬೇಕು.

ಎಣ್ಮಕಜೆ, ಬೆಳ್ಳೂರು, ದೇಲಂಪಾಡಿಯಂಥ ಪಂಚಾಯತುಗಳ ಒಳಭಾಗದಿಂದ ಬರುವ ಕರೆಗಳು ಮಾತಿನ ನಡುವೆ ಕಡಿದುಹೋಗುವುದು ಸಾಮಾನ್ಯ. ಗುಡ್ಡೆಯ ತುದಿಗೋ ಅಂಗಳದ ಮೂಲೆಗೋ ಬಂದು ನಿಂತು ಮಾತನಾಡುವವರಿರುತ್ತಾರೆ. ಆದ್ದರಿಂದ ಕತೆ ಕೇಳುವುದಕ್ಕೂ ಮೊದಲು ನಂಬರ್ ಬರೆದುಕೊಳ್ಳಬೇಕು. ಪರದೆಯ ಮೇಲೆ ಕಾಣುವ ನಂಬರ್ ಕರೆ ಮಾಡಿದವರದ್ದೇ ಆಗಿರಬೇಕೆಂದಿಲ್ಲ, ನೆರೆಮನೆಯವರ ಫೋನಾಗಿರಬಹುದು, "ತಿರುಗಿ ಮಾಡಬೇಕಾದರೆ ಇದೇ ನಂಬರಿಗೆ ಮಾಡಬಹುದಾ?" ಎಂದು ಕೇಳಿ, ಬರೆದುಕೊಂಡ ಅಂಕೆಗಳನ್ನು ಒಂದೊಂದಾಗಿ ತಿರುಗಿ ಓದಿ ಹೇಳಬೇಕು. ಮಿಸ್ಡ್ ಕಾಲ್ ಬಂದಿದ್ದರೆ, ಗುರುತಿಲ್ಲದ ನಂಬರ್ ಆದರೂ, ಬಿಡುವಾದ ಕೂಡಲೇ ತಿರುಗಿ ಕರೆ ಮಾಡುವುದು ಕ್ಲಿನಿಕ್‌ನ ಕೆಲಸವೇ.

ಹೆಸರೊಂದರಿಂದ ರೋಗಿಯನ್ನು ಗುರುತಿಸಲು ಹೊರಡಬಾರದು. ಒಂದೇ ಹೆಸರಿನ, ಹೆಚ್ಚುಕಡಿಮೆ ಒಂದೇ ಪ್ರಾಯದ ಮೂರು ಮಂದಿ ಒಂದೇ ವಾರ್ಡಿನಲ್ಲಿ ಇರುವ ಊರುಗಳಿವು. ಹೆಸರಿನ ಜೊತೆಗೆ ಪ್ರಾಯ, ಮನೆ ಹೆಸರು, ಇದ್ದರೆ ಒ.ಪಿ. ಚೀಟಿಯ ನಂಬರ್, ಇವುಗಳಲ್ಲಿ ಕನಿಷ್ಠ ಎರಡು ಹೊಂದಿದ ಮೇಲೆಯೇ ಫೈಲು ತೆಗೆಯಬೇಕು.

ಟೋಕನ್ ಕೇಳುವ ಕರೆಗಳು

ಬರುವ ಕರೆಗಳಲ್ಲಿ ಹೆಚ್ಚಿನವು ಟೋಕನ್‌ಗೆ. ಇವುಗಳಿಗೆ ವೈದ್ಯರು ಬರುವ ಸಮಯ, ಟೋಕನ್ ನಂಬರ್, ಸುಮಾರು ಯಾವ ಹೊತ್ತಿಗೆ ಬಂದರೆ ಸಾಕು, ಹಳೆಯ ಚೀಟಿ ಮತ್ತು ಈಗ ತೆಗೆದುಕೊಳ್ಳುತ್ತಿರುವ ಮದ್ದುಗಳನ್ನು ತರಬೇಕು ಎಂಬಿಷ್ಟನ್ನು ಹೇಳಿದರೆ ಮುಗಿಯಿತು. ಶುಲ್ಕ ಕೇಳಿದರೆ ನೇರವಾಗಿ ಹೇಳಬೇಕು, "ಬಂದ ಮೇಲೆ ನೋಡುವ" ಎನ್ನಬಾರದು. ಮಂಗಳೂರಿನಿಂದ ಬರುವ ತಜ್ಞರ ದಿನ ರದ್ದಾದರೆ, ಹೆಸರು ಬರೆಸಿದ ಪ್ರತಿಯೊಬ್ಬರಿಗೂ ಕ್ಲಿನಿಕ್‌ನಿಂದಲೇ ಕರೆ ಹೋಗಬೇಕು. ಬಂದಡ್ಕದಿಂದ ಎರಡು ಬಸ್ಸು ಬದಲಿಸಿ ಬಂದವರಿಗೆ ಬಾಗಿಲಲ್ಲಿ "ಇವತ್ತು ಡಾಕ್ಟ್ರಿಲ್ಲ" ಎಂಬ ಬೋರ್ಡು ಕಾಣಿಸುವುದು ನನ್ನ ಮಟ್ಟಿಗೆ ಕ್ಷಮಿಸಲಾಗದ ಉದಾಸೀನ.

ತುರ್ತು ಕರೆಯನ್ನು ಗುರುತಿಸುವುದು

ಕರೆ ಮಾಡುವವರಲ್ಲಿ ಅನೇಕರು "ಅರ್ಜೆಂಟು" ಎನ್ನುತ್ತಾರೆ. ಆದರೆ ನಿಜವಾಗಿ ಅರ್ಜೆಂಟಾದವರಲ್ಲಿ ಕೆಲವರು ಆ ಶಬ್ದವನ್ನೇ ಎತ್ತದೆ, ಸಂಕೋಚದಿಂದ, ಸಂಜೆಗೆ ಟೋಕನ್ ಕೇಳುತ್ತಾರೆ. ಇಂಥ ಮಾತುಕತೆ ಹೇಗಿರುತ್ತದೆಂದರೆ:

"ಅಪ್ಪನಿಗೆ ಬೆಳಿಗ್ಗೆಯಿಂದ ಗ್ಯಾಸು. ಸಂಜೆಗೆ ಒಂದು ಟೋಕನ್ ಉಂಟಾ?"

"ಗ್ಯಾಸ್ ಅಂದರೆ ಅವರಿಗೆ ಹೇಗೆ ಆಗುವುದು? ಎಲ್ಲಿ ನೋವು?"

"ಎದೆ ಒತ್ತಿದ ಹಾಗೆ ಆಗ್ತದಂತೆ. ಬೆವರ್ತಾರೆ. ಈಗ ಮಲಗಿದ್ದಾರೆ."

"ನೀವು ಎಲ್ಲಿಂದ ಮಾತಾಡುವುದು? ಅಪ್ಪನ ಹತ್ತಿರವೇ ಇದ್ದೀರಾ? ಫೋನ್ ಇಡಬೇಡಿ, ನಾನು ಡಾಕ್ಟ್ರಿಗೆ ಈಗಲೇ ಹೇಳ್ತೇನೆ."

ಮೊದಲ ಉತ್ತರಕ್ಕೇ ಸಂಜೆ ಐದರ ಟೋಕನ್ ಬರೆದು ಫೋನ್ ಇಟ್ಟಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ರೋಗಿಯ ಕಡೆಯವರು ಹೇಳುವ ರೋಗದ ಹೆಸರನ್ನು ಒಪ್ಪಿಕೊಂಡು ಮುಂದುವರಿಯದೆ, "ಏನಾಗುತ್ತಿದೆ, ಎಷ್ಟು ಹೊತ್ತಿನಿಂದ?" ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ಟೋಕನ್ ಕರೆಯಲ್ಲೂ ಕೇಳುವುದು ಅಭ್ಯಾಸವಾಗಬೇಕು.

ಎದೆಯಲ್ಲಿ ಒತ್ತಡ ಅಥವಾ ನೋವು, ಉಸಿರು ಕಟ್ಟುವುದು, ಮುಖ ಒಂದು ಬದಿಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಬಲ ಕಳೆದುಕೊಳ್ಳುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು, ನಿಲ್ಲದ ಅಪಸ್ಮಾರ, ನಿಲ್ಲದ ರಕ್ತಸ್ರಾವ, ಬಸುರಿಯಲ್ಲಿ ರಕ್ತ ಕಾಣಿಸುವುದು ಅಥವಾ ಮಗುವಿನ ಅಲುಗಾಟ ಕಡಿಮೆಯಾಗುವುದು, ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ ಬರುವುದು ಅಥವಾ ಹಾಲು ಕುಡಿಯದಿರುವುದು, ಹಾವು ಕಚ್ಚಿರುವುದು, ವಿಷ ಹೊಟ್ಟೆಗೆ ಹೋಗಿರುವುದು, ಇವುಗಳಲ್ಲಿ ಒಂದನ್ನು ಕೇಳಿದರೂ ಟೋಕನ್ ಪುಸ್ತಕ ಮುಚ್ಚಿ ಬದಿಗಿಟ್ಟು, ವೈದ್ಯರು ರೋಗಿಯನ್ನು ನೋಡುತ್ತಿದ್ದರೂ ಬಾಗಿಲು ತಟ್ಟಿ ಒಳಗೆ ಹೋಗಿ ತಿಳಿಸಬೇಕು. ಇಂಥ ಸಂದರ್ಭಗಳಲ್ಲಿ ಒಳಗೆ ಬರಲು ಸಿಬ್ಬಂದಿಗೆ ಅನುಮತಿ ಇದೆಯೆಂದು ವೈದ್ಯರು ಮೊದಲೇ ಸ್ಪಷ್ಟವಾಗಿ ಹೇಳಿಟ್ಟಿರಬೇಕು. ಒಳಗೆ ಬಂದದ್ದಕ್ಕೆ ಒಮ್ಮೆ ಗದರಿಸಿಕೊಂಡ ಸಿಬ್ಬಂದಿ ಮುಂದಿನ ಸಲ ಬಾಗಿಲಲ್ಲೇ ನಿಲ್ಲುತ್ತಾರೆ.

ವೈದ್ಯರು ಇಲ್ಲದಿದ್ದರೆ, ಇದ್ದರೂ ಕ್ಲಿನಿಕ್‌ನಲ್ಲಿ ಮಾಡಲಾಗದ ಚಿಕಿತ್ಸೆಯಾದರೆ, 108ಕ್ಕೆ ಕರೆ ಮಾಡಲು ಹೇಳಬೇಕು. ಅವರು ಗಾಬರಿಯಲ್ಲಿದ್ದರೆ ಅವರನ್ನು ಲೈನಿನಲ್ಲಿಟ್ಟುಕೊಂಡೇ ಇನ್ನೊಂದು ಫೋನಿನಿಂದ ಕ್ಲಿನಿಕ್‌ನವರೇ ಕರೆ ಮಾಡಬೇಕು. 108 ಕೇರಳದಲ್ಲೂ ಕರ್ನಾಟಕದಲ್ಲೂ ಒಂದೇ ನಂಬರ್ ಆದ್ದರಿಂದ ಗಡಿಗೆ ತಾಗಿದ ಊರುಗಳವರು ಮೊದಲ ವಾಕ್ಯದಲ್ಲೇ ಕೇರಳದ ಕಾಸರಗೋಡು ಜಿಲ್ಲೆ, ಇಂಥ ಪಂಚಾಯತು, ಇಂಥ ಜಂಕ್ಷನ್ ಎಂದು ಹೇಳಬೇಕೆಂದು ನೆನಪಿಸುವುದು ಒಳ್ಳೆಯದು. ಮನೆ ಗುರುತಿಗೆ ಭಜನಾ ಮಂದಿರ, ಮಸೀದಿ, ರೇಷನ್ ಅಂಗಡಿ, ಅಂಗನವಾಡಿ ಯಾವುದಾದರೂ ಆದೀತು. ಅಂಬ್ಯುಲೆನ್ಸ್ ಮನೆಯ ತನಕ ಹೋಗುತ್ತದೆಯೋ, ರೋಗಿಯನ್ನು ರಸ್ತೆಗೆ ತರಬೇಕೋ ಎಂಬುದನ್ನೂ ಕೇಳಿ ತಿಳಿಸಬೇಕು.

ಅಂಬ್ಯುಲೆನ್ಸ್ ಬರುವವರೆಗೆ ಏನು ಮಾಡಬೇಕೆಂದು ಮನೆಯವರು ಕೇಳಿಯೇ ಕೇಳುತ್ತಾರೆ. ಅದಕ್ಕೆ ವೈದ್ಯರು ಬರೆದು ಸಹಿ ಮಾಡಿಕೊಟ್ಟ ಹಾಳೆಯಲ್ಲಿರುವ ಮಾತನ್ನು ಮಾತ್ರ ಓದಿ ಹೇಳಬೇಕು, ಅದರ ಆಚೆ ಒಂದಕ್ಷರ ಸೇರಿಸಬಾರದು. ನಮ್ಮ ಕಡೆಯ ಹಾಳೆಯಲ್ಲಿ ನಾಲ್ಕು ಸಂಗತಿಗಳು ಇರಲೇಬೇಕು. ಹಾವು ಕಚ್ಚಿದರೆ ಬಿಗಿದು ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿದ ಕೈ ಅಥವಾ ಕಾಲನ್ನು ಅಲ್ಲಾಡಿಸದೆ, ಹಾವಿನ ವಿಷಕ್ಕೆ ಕೊಡುವ ಪ್ರತಿಮದ್ದು (ಆಂಟಿವೆನಂ) ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಆಂಟಿವೆನಂ ಇಲ್ಲದ ಕ್ಲಿನಿಕ್‌ನವರು ಇಂಥವರನ್ನು "ಮೊದಲು ಇಲ್ಲಿಗೆ ಬನ್ನಿ" ಎಂದು ಕರೆಯುವುದು ಸಮಯ ಕಳೆದಂತೆ. ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದವರನ್ನು ಎಬ್ಬಿಸಿ ಕೂರಿಸಲು, ನಡೆಸಲು ಹೋಗಬಾರದು, ಬೆನ್ನು ಮತ್ತು ಕುತ್ತಿಗೆ ಅಲುಗದಂತೆ ನೋಡಿಕೊಳ್ಳಬೇಕು. ತೋಟಕ್ಕೆ ಬಿಡುವ ಮದ್ದು ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸಲು ಯತ್ನಿಸದೆ, ಆ ಮದ್ದಿನ ಬಾಟ್ಲಿಯನ್ನೋ ಪ್ಯಾಕೆಟನ್ನೋ ಜೊತೆಗೇ ಆಸ್ಪತ್ರೆಗೆ ಒಯ್ಯಬೇಕು. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಸುಣ್ಣ, ಅರಿಶಿನ, ಮೆಣಸಿನ ಹುಡಿ ಏನನ್ನೂ ಹಚ್ಚದೆ, ಆ ದಿನವೇ ಚುಚ್ಚುಮದ್ದಿಗೆ ಹೋಗಬೇಕು.

ಬದುಕು ಸಾಕಾಗಿದೆ, ಸಾಯಬೇಕೆನಿಸುತ್ತದೆ ಎಂದು ಹೇಳುವ ಕರೆಯೂ ತುರ್ತು ಕರೆಯೇ. ಬುದ್ಧಿವಾದ ಹೇಳದೆ, ಅವಸರಪಡಿಸದೆ ಲೈನಿನಲ್ಲಿರಿಸಿಕೊಂಡು, ಹತ್ತಿರ ಯಾರಿದ್ದಾರೆಂದು ಕೇಳಿ ವೈದ್ಯರಿಗೆ ದಾಟಿಸಬೇಕು. ಹಗಲು ರಾತ್ರಿ ದೊರೆಯುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಕೇರಳದ ಆರೋಗ್ಯ ಸಹಾಯವಾಣಿ ದಿಶಾದ 1056, ಈ ಎರಡೂ ನಂಬರುಗಳು ಮೇಜಿನ ಮೇಲೆ ಕಾಣುವಂತೆ ಇರಲಿ.

ಮದ್ದು, ರಿಪೋರ್ಟು

"ಮೊನ್ನೆಯ ಮಾತ್ರೆ ಮುಗಿಯಿತು, ಅದನ್ನೇ ಮುಂದುವರಿಸಬಹುದಾ?" ಎಂಬ ಪ್ರಶ್ನೆಗೆ "ಮುಂದುವರಿಸಿ" ಎನ್ನುವುದು ಬಹಳ ಸಲೀಸು. ಆದರೆ ಅದೇ ಚಿಕಿತ್ಸೆ ಹೇಳಿದಂತಾಯಿತು. ಫೋನ್ ಮೂಲಕ ಸಲಹೆ ಕೊಡುವ ಅಧಿಕಾರ ನೋಂದಾಯಿತ ವೈದ್ಯರಿಗೆ ಇದೆ. ಅದಕ್ಕೆ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ 2020ರ ಮಾರ್ಚ್ 25ರಂದು ಬಂತು, ಕೊರೊನಾದಿಂದಾಗಿ ನಮ್ಮ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮಂಗಳೂರಿಗೆ ಹೋಗಲಾಗದೆ ಕುಳಿತಿದ್ದ ಆ ದಿನಗಳಲ್ಲೇ. ಸಿಬ್ಬಂದಿಗೆ ಆ ಅಧಿಕಾರ ಇಲ್ಲ. ಮದ್ದಿನ ಹೆಸರನ್ನು ಸ್ಟ್ರಿಪ್ ನೋಡಿ ಓದಿಸಿ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಂದಿನಿಂದ, ಈಗ ಏನಾದರೂ ಹೊಸ ತೊಂದರೆ ಇದೆಯೇ ಎಂದು ಬರೆದುಕೊಂಡು ವೈದ್ಯರ ಮುಂದಿಡುವುದಷ್ಟೇ ಅವರ ಪಾಲಿನದು. ಮಾರಾಟಕ್ಕೆ ಬಿಗಿ ನಿಯಂತ್ರಣವಿರುವ ಶೆಡ್ಯೂಲ್ ಎಕ್ಸ್ ಪಟ್ಟಿಯ ಮದ್ದುಗಳನ್ನೂ ಅಮಲು ಪದಾರ್ಥಗಳ ಕಾಯಿದೆಯಡಿ ಬರುವ ಮದ್ದುಗಳನ್ನೂ ಫೋನಿನಲ್ಲಿ ಬರೆದುಕೊಡುವುದನ್ನು ಅದೇ ಮಾರ್ಗಸೂಚಿ ತಡೆದಿದೆ. ಇಂಥದ್ದಕ್ಕೆ ಒತ್ತಾಯಿಸುವವರಿಗೆ "ಇದಕ್ಕೆ ನೀವೇ ಬರಬೇಕಾಗುತ್ತದೆ, ನಿಯಮ ಹಾಗಿದೆ" ಎಂದು ಹೇಳಿ ಟೋಕನ್ ಕೊಡಬೇಕು.

ರಿಪೋರ್ಟಿನ ವಿಷಯವೂ ಹೀಗೆಯೇ. ಸಂಖ್ಯೆ ಕಣ್ಣೆದುರಿಗಿದ್ದರೂ "ನಾರ್ಮಲ್" ಎಂದಾಗಲಿ, "ಸ್ವಲ್ಪ ಜಾಸ್ತಿ ಇದೆ" ಎಂದಾಗಲಿ ಸಿಬ್ಬಂದಿ ಹೇಳಬಾರದು. ರಿಪೋರ್ಟು ಬಂದಿದೆ, ವೈದ್ಯರು ನೋಡಿದ್ದಾರೆ ಅಥವಾ ಇನ್ನೂ ನೋಡಿಲ್ಲ, ಇಂಥ ಹೊತ್ತಿಗೆ ತಿಳಿಸುತ್ತೇವೆ ಎಂಬಷ್ಟೇ ಉತ್ತರ. ಲ್ಯಾಬಿನವರೇ ಕರೆ ಮಾಡಿ ಸೋಡಿಯಂ, ಸಕ್ಕರೆ, ಪ್ಲೇಟ್‌ಲೆಟ್ ಅಪಾಯದ ಮಟ್ಟದಲ್ಲಿದೆಯೆಂದು ತಿಳಿಸಿದರೆ, ರೋಗಿಯ ಹೆಸರು ಮತ್ತು ಸಂಖ್ಯೆಯನ್ನು ಬರೆದು, ತಿರುಗಿ ಓದಿ ಹೇಳಿ, ಲ್ಯಾಬಿನಲ್ಲಿ ಮಾತನಾಡಿದವರ ಹೆಸರು ಮತ್ತು ಹೊತ್ತನ್ನು ನಮೂದಿಸಿ, ಆ ಚೀಟಿಯನ್ನು ವೈದ್ಯರ ಕೈಗೇ ಕೊಡಬೇಕು. ಮೇಜಿನ ಮೇಲಿಟ್ಟು ಬರುವುದು ಸಾಲದು. ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಸ್ಕ್ಯಾನಿಂಗ್ ಬಗ್ಗೆ ಕೇಳುವ ಕರೆಗಳಿಗೆ ಉತ್ತರ ಒಂದೇ: 1994ರ ಕಾಯಿದೆಯಂತೆ ಅದನ್ನು ಹೇಳುವುದೂ ಕೇಳುವುದೂ ಅಪರಾಧ.

ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು

ಎಲ್ಲರಿಗೂ ಎಲ್ಲರೂ ಗುರುತಿರುವ ಊರುಗಳಲ್ಲಿ ಕಷ್ಟವಾಗುವುದು ಇಲ್ಲೇ. ಗಲ್ಫಿನಲ್ಲಿರುವ ಮಗ ತಾಯಿಯ ರಿಪೋರ್ಟು ಕೇಳಲು ಕರೆ ಮಾಡುತ್ತಾನೆ. ಹಣ ಕಳುಹಿಸುವವನೂ ಅವನೇ, ಆತಂಕವೂ ನಿಜವಾದದ್ದೇ. ಆದರೂ ತಾಯಿಯ ಒಪ್ಪಿಗೆ ಇಲ್ಲದೆ ಅವನಿಗೆ ಹೇಳುವಂತಿಲ್ಲ. ರೋಗಿ ಮೊದಲ ಸಲ ಬಂದಾಗಲೇ "ನಿಮ್ಮ ವಿಷಯ ಫೋನಿನಲ್ಲಿ ಯಾರಿಗೆ ಹೇಳಬಹುದು?" ಎಂದು ಕೇಳಿ, ಹೆಸರು, ಸಂಬಂಧ, ನಂಬರ್ ಮೂರನ್ನೂ ಫೈಲಿನ ಮೊದಲ ಪುಟದಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಈ ಇಕ್ಕಟ್ಟು ಬಹುಪಾಲು ತಪ್ಪುತ್ತದೆ. ಒಪ್ಪಿಗೆ ಇದ್ದರೂ ವಿವರ ಹೇಳಬೇಕಾದವರು ವೈದ್ಯರೇ. ತಿರುಗಿ ಕರೆ ಮಾಡುವ ಸಮಯ ಗೊತ್ತುಮಾಡುವಾಗ ದುಬೈ ನಮಗಿಂತ ಒಂದೂವರೆ ಗಂಟೆ, ಸೌದಿ ಎರಡೂವರೆ ಗಂಟೆ ಹಿಂದಿದೆ ಎಂಬುದನ್ನು ಗಮನದಲ್ಲಿಡಬೇಕು. "ನಿಮ್ಮ ತಾಯಿಯವರ ಹತ್ತಿರ ಒಂದು ಮಾತು ಕೇಳಿ, ಡಾಕ್ಟ್ರ ಕೈಯಲ್ಲೇ ಫೋನ್ ಮಾಡಿಸುತ್ತೇನೆ" ಎಂದರೆ ಒಪ್ಪದ ಮಗ ಕಡಿಮೆ.

ಇನ್ನೊಂದು ಬಗೆಯ ಕರೆ ನಯವಾಗಿ ಬರುತ್ತದೆ. "ಆ ಮನೆಯ ಹುಡುಗಿ ನಿಮ್ಮಲ್ಲಿಗೆ ಬರುವುದುಂಟಲ್ಲ, ಏನು ತೊಂದರೆಯಂತೆ? ನಮ್ಮ ಕಡೆಯಿಂದ ಒಂದು ಸಂಬಂಧ ನೋಡುವುದುಂಟು" ಎಂದು ಗುರುತಿನವರೇ ಕೇಳುತ್ತಾರೆ. "ಅಂಥದ್ದೇನೂ ಇಲ್ಲ" ಎಂದು ಹುಡುಗಿಗೆ ಒಳಿತು ಮಾಡಲು ಹೊರಟರೂ, ಆಕೆ ಕ್ಲಿನಿಕ್‌ಗೆ ಬರುತ್ತಾಳೆಂಬುದನ್ನು ಒಪ್ಪಿಕೊಂಡಂತಾಯಿತು. "ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ನಾವು ಹೇಳುವ ಕ್ರಮ ಇಲ್ಲ" ಎಂಬ ಒಂದೇ ವಾಕ್ಯವನ್ನು ಎಲ್ಲರಿಗೂ ಒಂದೇ ಧ್ವನಿಯಲ್ಲಿ ಹೇಳಬೇಕು. ನೆಂಟರಿಗೂ ಅದೇ, ಪತ್ರಿಕೆಯವರಿಗೂ ಅದೇ. ಪೊಲೀಸರೆಂದು ಹೇಳಿಕೊಂಡು ಕರೆ ಮಾಡಿದರೆ ಹೆಸರು ಮತ್ತು ಠಾಣೆಯನ್ನು ಬರೆದುಕೊಂಡು ವೈದ್ಯರಿಗೆ ತಿಳಿಸಬೇಕು, ಫೋನಿನಲ್ಲಿ ಏನನ್ನೂ ಹೇಳಬಾರದು. ರೋಗಿಯ ಗುಟ್ಟು ಕಾಯುವುದು ವೈದ್ಯಕೀಯ ಪರಿಷತ್ತಿನ 2002ರ ನಡವಳಿಕೆ ನಿಯಮಗಳಲ್ಲಿರುವ ಕರ್ತವ್ಯ, ಎಚ್.ಐ.ವಿ. ಮತ್ತು ಮಾನಸಿಕ ಆರೋಗ್ಯದ ವಿಷಯದಲ್ಲಿ 2017ರಲ್ಲಿ ಬಂದ ಎರಡು ಪ್ರತ್ಯೇಕ ಕಾಯಿದೆಗಳು ಅದನ್ನು ಇನ್ನೂ ಬಿಗಿ ಮಾಡಿವೆ.

ಗುಟ್ಟು ಸೋರುವುದು ಹೆಚ್ಚಾಗಿ ಫೋನಿನ ಆಚೆ ತುದಿಯಿಂದಲ್ಲ, ಈಚೆ ತುದಿಯಿಂದ. ಮೇಜಿನಿಂದ ನಾಲ್ಕಡಿ ದೂರದ ಬೆಂಚಿನಲ್ಲಿ ಊರಿನವರೇ ಕುಳಿತಿರುವಾಗ "ಓ, ನೀರ್ಚಾಲಿನ ಮಾಷ್ಟ್ರ ಹೆಂಡತಿಯಾ? ಬಿಳಿಸೆರಗಿಗೆ ಕೊಟ್ಟ ಮದ್ದು ಮುಗಿಯಿತಾ?" ಎಂದು ಜೋರಾಗಿ ಕೇಳಿದರೆ ಕತೆ ಮುಗಿಯಿತು. ಬಾಯಿಬಿಟ್ಟು ತಿರುಗಿ ಹೇಳಬೇಕಾದದ್ದು ನಂಬರ್ ಮತ್ತು ಸಮಯ ಮಾತ್ರ. ಹೆಸರು, ರೋಗ, ಮದ್ದನ್ನು ಬರೆದುಕೊಳ್ಳಬೇಕು. ಖಚಿತಪಡಿಸಿಕೊಳ್ಳಲೇಬೇಕಾದರೆ ಫೋನನ್ನು ಒಳಗಿನ ಕೋಣೆಗೆ ಒಯ್ಯಬೇಕು. ಸ್ಪೀಕರ್ ಹಾಕಿ ಮಾತನಾಡುವುದಂತೂ ಕೂಡದು.

ಬರೆದಿಡುವ ಪುಸ್ತಕ

ಟೋಕನ್ ಪುಸ್ತಕದ ಅಂಚಿನಲ್ಲೋ ಕ್ಯಾಲೆಂಡರಿನ ಹಿಂದೆಯೋ ಬರೆದ ಸಂದೇಶ ಸಂಜೆಯೊಳಗೆ ಕಾಣೆಯಾಗುತ್ತದೆ. ಕರೆಗಳಿಗೆಂದೇ ಉದ್ದನೆಯ ಒಂದು ನೋಟ್‌ಪುಸ್ತಕ ಬೇಕು. ಒಂದು ನಮೂದು ಹೀಗಿರಬಹುದು: "ಮಂಗಳವಾರ, ಬೆಳಿಗ್ಗೆ 10.40. ಮಾತನಾಡಿದವರು ಸೊಸೆ. ರೋಗಿ 68 ಪ್ರಾಯದ ಹೆಂಗಸು, ಸೀತಾಂಗೋಳಿ, ಒ.ಪಿ. ನಂಬರ್ ಇದೆ. 'ನಿನ್ನೆ ಬದಲಿಸಿದ ಬಿ.ಪಿ. ಮಾತ್ರೆ ತೆಗೆದುಕೊಂಡ ಮೇಲೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಬಿದ್ದಿಲ್ಲ.' ಡಾಕ್ಟ್ರಿಗೆ ಹೇಳಿದ್ದು 10.45. ಡಾಕ್ಟ್ರು ತಾವೇ ಕರೆ ಮಾಡಿದ್ದು 11.05." ಕೊನೆಗೆ ಬರೆದವರ ಚಿಕ್ಕ ಸಹಿ. ರೋಗಿಯ ಕಡೆಯವರ ಮಾತನ್ನು ಅವರು ಹೇಳಿದಂತೆಯೇ ಬರೆಯಬೇಕು. "ತಲೆಸುತ್ತು" ಎಂದು ನಾವು ಚುಟುಕಾಗಿಸಿದರೆ, ಎದ್ದು ನಿಂತಾಗ ಮಾತ್ರ ಎಂಬ, ವೈದ್ಯರಿಗೆ ಮುಖ್ಯವಾದ ಸಂಗತಿಯೇ ಬಿಟ್ಟುಹೋಗುತ್ತದೆ. ಉತ್ತರ ಹೋದ ಹೊತ್ತನ್ನು ಬರೆಯುವ ಜಾಗ ಖಾಲಿ ಉಳಿದ ನಮೂದುಗಳು ಎಷ್ಟಿವೆಯೆಂದು ಮಧ್ಯಾಹ್ನ ಮತ್ತು ಕ್ಲಿನಿಕ್ ಮುಚ್ಚುವ ಮೊದಲು ನೋಡಿ, ಉತ್ತರ ಹೋಗದವರಿಗೆ "ಡಾಕ್ಟ್ರು ಇನ್ನೂ ನೋಡಿಲ್ಲ, ನಾಳೆ ಬೆಳಿಗ್ಗೆ ಹತ್ತರೊಳಗೆ ಹೇಳುತ್ತೇವೆ" ಎಂದಾದರೂ ತಿಳಿಸಬೇಕು. ತಿಳಿಸಿದ ಮೇಲೆ ಆ ಹೊತ್ತಿಗೆ ಕರೆ ಹೋಗಲೇಬೇಕು.

ಕಾಯಿಸುವುದು, ಸಿಟ್ಟಾದವರು, ವಾಟ್ಸಾಪ್

ಕಾಯಿಸಬೇಕಾದರೆ ಕೇಳಿ ಕಾಯಿಸಬೇಕು, ಉತ್ತರ ಬರುವ ಮೊದಲೇ ಫೋನನ್ನು ಮೇಜಿನ ಮೇಲೆ ಮಲಗಿಸಬಾರದು. ಒಂದು ನಿಮಿಷಕ್ಕಿಂತ ಹೆಚ್ಚಾಗುವುದಾದರೆ ನಾವೇ ತಿರುಗಿ ಮಾಡುವುದು ಲೇಸು. ಸಿಟ್ಟಿನಿಂದ ಮಾತನಾಡುವವರಲ್ಲಿ ಹೆಚ್ಚಿನವರಿಗೆ ಸಿಟ್ಟು ಬಂದಿರುವುದು ಹಿಂದಿನ ಕರೆಗೆ ಉತ್ತರ ಸಿಗದೆ. ಮೊದಲು ಪೂರ್ತಿ ಹೇಳಲು ಬಿಟ್ಟು, ಪುಸ್ತಕ ತೆರೆದು ಹಿಂದಿನ ನಮೂದನ್ನು ನೋಡಿ ಮಾತನಾಡಿದರೆ ಧ್ವನಿ ತಾನಾಗಿ ಇಳಿಯುತ್ತದೆ. ಬೈಗುಳಕ್ಕೆ ಇಳಿದವರಿಗೆ ಒಮ್ಮೆ ಎಚ್ಚರಿಸಿ ಕರೆ ಮುಗಿಸಬಹುದು, ಆದರೆ ರೋಗಿಯ ಸ್ಥಿತಿ ಏನೆಂದು ಕೇಳದೆ ಮುಗಿಸಬಾರದು.

ವಾಟ್ಸಾಪಿನಲ್ಲಿ ರಿಪೋರ್ಟು ಕಳುಹಿಸುವ ವಾಡಿಕೆ ಎಲ್ಲೆಡೆ ಬಂದಿದೆ. ಕ್ಲಿನಿಕ್‌ನ ನಂಬರಿನಿಂದ, ಫೈಲಿನಲ್ಲಿರುವ ನಂಬರಿಗೆ ಮಾತ್ರ ಕಳುಹಿಸಬೇಕು. ಸಿಬ್ಬಂದಿಯ ಸ್ವಂತ ಫೋನಿನಲ್ಲಿ ರೋಗಿಗಳ ರಿಪೋರ್ಟಿನ ಚಿತ್ರಗಳು ಉಳಿಯಕೂಡದು. ವೈದ್ಯರ ಸ್ವಂತ ನಂಬರನ್ನು ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಕ್ಲಿನಿಕ್ ಮುಚ್ಚಿದ ಮೇಲೆ ಮತ್ತು ಭಾನುವಾರಗಳಲ್ಲಿ ಕರೆ ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲೇ ನಿರ್ಧರಿಸಿರಬೇಕು. ಯಾರಾದರೂ ಎತ್ತುವ ವ್ಯವಸ್ಥೆ ಇದ್ದರೆ ಕಾಲ್ ಫಾರ್ವರ್ಡ್ ಹಾಕಿರುವುದನ್ನು ಬೀಗ ಹಾಕುವ ಮೊದಲು ಇನ್ನೊಂದು ಫೋನಿನಿಂದ ಕರೆ ಮಾಡಿ ನೋಡಬೇಕು. ಇಲ್ಲದಿದ್ದರೆ, ತೆರೆಯುವ ಸಮಯ, 108, ಮತ್ತು ರಾತ್ರಿ ವೈದ್ಯರಿರುವ ಹತ್ತಿರದ ಆಸ್ಪತ್ರೆಯ ಹೆಸರು ಇಷ್ಟನ್ನು ಕನ್ನಡದಲ್ಲೂ ಮಲಯಾಳದಲ್ಲೂ ಧ್ವನಿಮುದ್ರಿಸಿ ಇಡಬೇಕು. ರಜೆಗಳು ಬದಲಾದಂತೆ ಅದನ್ನೂ ಬದಲಿಸುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದಿಡಬೇಕು.